ಸೂಜಿಗೂ ತಾಟಿಗೂ ನಡುವಿನ ಅರ್ಧ ಗಂಟೆ

ಇಂದು ಸೋಮವಾರ, ರಾತ್ರಿ ಒಂಬತ್ತೂವರೆ. ಹಾಜರಿದ್ದವರು—ನಾನೊಬ್ಬಳೇ.

ನಮ್ಮ ಅಣ್ಣ ಎಚ್ಚರ ತಪ್ಪಿ ಬಿದ್ದ ದಿನ ಅವನಿಗೆ ನಾಷ್ಟಾ ತಡವಾದದ್ದು ನನ್ನಿಂದ, ಅವನ ಹೆಂಡತಿ ವೈನಿಯಿಂದಲ್ಲ. ವೈನಿ ತಡ ಮಾಡಿದರು ಎಂದು ಡಾಕ್ಟರಿಗೆ ಹೇಳಿದವಳು ನಾನು. ಪಕ್ಕದಲ್ಲೇ ನಿಂತಿದ್ದ ಅಣ್ಣನ ಮಗಳು ಸುನಂದಾ ಅದನ್ನು ಕೇಳಿಸಿಕೊಂಡಳು, ನಂಬಿದಳು. ಅಣ್ಣ ಅದನ್ನೇ ನಂಬಿಕೊಂಡು ತೀರಿಹೋದ.

ನಾನು ಶಿಗ್ಗಾವಿಯಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ಮದುವೆಯಾಗಲಿಲ್ಲ. ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು, ತಾಟಿಗೆ ಬಂದದ್ದನ್ನು ಬಿಡಬಾರದು—ಇದನ್ನು ಮಕ್ಕಳಿಗೆ ಕಲಿಸುತ್ತ ಹೋದೆ. ಮಕ್ಕಳು ನನಗೊಂದು ಪಾಠ ಕಲಿಸಿದರು. ಮೂಲಂಗಿ ಪಲ್ಯ ಇದ್ದ ದಿನ ಹೊಟ್ಟೆನೋವು, ಕವಾಯತು ಇದ್ದ ದಿನ ತಲೆಸುತ್ತು. ಬರೀ ಸೋಗು. ಯಾರೇ ಆಗಲಿ ನೋವು ಎಂದರೆ ಮೊದಲ ಮಾತಿಗೆ ನಂಬಬಾರದು ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ಆ ತೀರ್ಮಾನವನ್ನು ಹಾಸ್ಟೆಲಿನಲ್ಲೇ ಬಿಟ್ಟು ಬರಬೇಕಿತ್ತು—

ನಿವೃತ್ತಳಾಗಿ ಯಲವಿಗಿಗೆ, ಅಣ್ಣನ ಮನೆಗೆ ಬಂದೆ. ಅಷ್ಟರಲ್ಲಿ ಅವನಿಗೆ ಸಕ್ಕರೆ ಹೆಚ್ಚಾಗಿ ಗುಳಿಗೆ ನಡೆಯದೆ ಇನ್ಸುಲಿನ್ ಶುರುವಾಗಿತ್ತು. ಮುಂಜಾನೆ ನಾಷ್ಟಾಕ್ಕೆ ಅರ್ಧ ಗಂಟೆ ಮೊದಲು ಒಂದು ಸೂಜಿ, ರಾತ್ರಿ ಊಟಕ್ಕೆ ಮೊದಲು ಇನ್ನೊಂದು. ವೈನಿಗೆ ಸೂಜಿ ಹಿಡಿಯಲು ಕೈ ಬರುತ್ತಿರಲಿಲ್ಲ. ನಾನು ಹಿಡಿದೆ. ಸೂಜಿ ನನ್ನ ಕೈಗೆ ಬಂದದ್ದೇ ತಡ, ಅಡುಗೆಮನೆಯೂ ನನ್ನ ಕೈಗೆ ಬಂತು. ಏನು ಬೇಯಬೇಕು, ಎಷ್ಟು ಬಡಿಸಬೇಕು—ಎಲ್ಲ ನನ್ನ ಮಾತು. ಅಣ್ಣ ನಗುತ್ತಿದ್ದ. "ಜೈಲಿನ್ಯಾಗೂ ವಾರಕ್ಕೊಮ್ಮೆ ಸುಸಲಾ ಕೊಡ್ತಾರಲೇ ಕಮಲಿ" ಎನ್ನುತ್ತಿದ್ದ.

ಚುರುಮುರಿಯ ಸುಸಲಾ ತಿನ್ನಲೇಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ಅಳತೆ ಇರಲಿ, ಜೊತೆಗೆ ಕಾಳು ಇರಲಿ, ಸೂಜಿ ಹಾಕಿದ ಮೇಲೆ ಮಾತ್ರ ಹೊತ್ತು ಮೀರಬಾರದು ಎಂದಿದ್ದರು. ಕೈ ನಡುಗಿದರೆ, ಬೆವರಿದರೆ ಕೂಡಲೇ ಸಕ್ಕರೆ ಕೊಡಿ ಎಂದೂ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಆ ಮುಂಜಾನೆ ಎಂದಿನಂತೆ ಸೂಜಿ ಹಾಕಿದೆ. ಅರ್ಧ ಗಂಟೆಗೆ ಸರಿಯಾಗಿ ವೈನಿ ತಾಟು ತಂದಿಟ್ಟರು. ಸುಸಲಾ. ಚುರುಮುರಿ ತೋಯಿಸಿ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆಯ ಪುಠಾಣಿ ಹಿಟ್ಟು ಉದುರಿಸಿದ್ದರು. ಅಣ್ಣ ಕೈ ಹಾಕುವಷ್ಟರಲ್ಲಿ ತಾಟು ಎತ್ತಿಕೊಂಡೆ.

"ವೈನಿ, ಇದು ಯಾರು ಹೇಳಿದ್ರು ನಿಮಗ? ರೊಟ್ಟಿ, ಹೆಸರಕಾಳಿನ ಪಲ್ಯ ಅಂತ ನಿನ್ನೆನ ಹೇಳಿರಲಿಲ್ಲೇನು?"

"ಒಂದಿನ ತಿನ್ಲಿ ಬಿಡ್ರಿ ಅಕ್ಕಾರ. ಭಾಳ ಆಸೆ ಪಟ್ಟಾರ."

ಬಿಡಲಿಲ್ಲ. ಕಾಳು ಕುದಿಯಲು ಇಡಿಸಿದೆ, ಹಿಟ್ಟು ನಾದಿಸಿದೆ. ಕಾಳು ಬೇಯುವುದು ತಡವಾಯಿತು. ತಡವಾಗುತ್ತಿದೆ ಎಂದು ಗಡಿಯಾರ ನೋಡುತ್ತಲೇ ಇದ್ದೆ—ಅಣ್ಣನನ್ನು ನೋಡಲಿಲ್ಲ.

"ಕಮಲಿ, ಕೈ ಯಾಕೋ ನಡಗಾಕತ್ತಾವ. ಎರಡು ತುತ್ತು ಸುಸಲಾ ಕೊಡವಾ."

"ಸುಸಲಾದ ಸಲುವಾಗಿ ಏನೇನು ನಾಟಕ ಮಾಡ್ತೀ ಅಣ್ಣಾ! ಸುಮ್ನ ಕುಂದ್ರು."

ವೈನಿ ಒಲೆ ಬಿಟ್ಟು ಬಂದರು. "ಮೈಯೆಲ್ಲಾ ಬೆವತಾರ ನೋಡ್ರಿ ಅಕ್ಕಾರ, ನಾ ಕೊಡ್ತೇನಿ" ಎಂದು ನಾನು ಪಕ್ಕಕ್ಕಿಟ್ಟಿದ್ದ ತಾಟನ್ನು ಎತ್ತಿಕೊಂಡರು. ನಾನು ಅವರ ಕೈಯಿಂದ ತಾಟು ಕಿತ್ತುಕೊಂಡು ಮೇಲಿನ ಹಲಗೆಯ ಮೇಲೆ ಇಟ್ಟೆ. ವೈನಿ ಕುಳ್ಳಗೆ; ಅವರ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

ಅಣ್ಣ ಕೂತಲ್ಲೇ ಪಕ್ಕಕ್ಕೆ ವಾಲಿದ.

ಸವಣೂರಿನ ಆಸ್ಪತ್ರೆಗೆ ಸಾಗಿಸಿದೆವು. ಸಲೈನಿನಲ್ಲಿ ಸಕ್ಕರೆ ಏರಿಸಿದ ಮೇಲೆ ಕಣ್ಣು ಬಿಟ್ಟ. ಏನಾಯಿತು ಎನ್ನುವುದು ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಸುನಂದಾ ಹಂಸಭಾವಿಯಿಂದ ಗಂಡನ ಬೈಕಿನಲ್ಲಿ ಬಂದಿದ್ದಳು. ಡಾಕ್ಟರು ಕೇಳಿದರು, "ಸೂಜಿ ಹಾಕಿದ ಮ್ಯಾಲೆ ಇಷ್ಟೊತ್ತು ಯಾಕ ಉಪವಾಸ ಕುಂದರ್ಸಿದ್ರಿ?"

"ನಾ ಹೊತ್ತಿಗೆ ಸರಿಯಾಗಿ ಹಾಕೇನ್ರಿ. ನಮ್ಮ ವೈನಿಯವ್ರು ನಾಷ್ಟಾ ಮಾಡೂದು ತಡಾ ಆತ್ರಿ."

ಇಷ್ಟೇ ಮಾತು. ಯೋಚಿಸಿ ಹೇಳಿದ್ದಲ್ಲ—ಆದರೆ ಹಿಂದಕ್ಕೆ ತೆಗೆದುಕೊಳ್ಳಲು ಅಂದೇ ಎಷ್ಟೋ ಹೊತ್ತು ಇತ್ತು. ವೈನಿ ನನ್ನನ್ನೊಮ್ಮೆ ನೋಡಿದರು. ಸೆರಗು ಸರಿಮಾಡಿಕೊಂಡು ಅಣ್ಣನ ಕಾಲು ತಿಕ್ಕತೊಡಗಿದರು. ಸುನಂದಾ, "ಅವ್ವಾ, ಅಪ್ಪನ ಜೀವದ ಜೋಡಿ ಆಟ ಆಡ್ತಿಯೇನ?" ಎಂದಳು. ನಾನು ಅಲ್ಲೇ ಇದ್ದೆ.

ಆಮೇಲೆ ಅಣ್ಣ ತಾಟು ಬಂದಾಗಲೆಲ್ಲ, "ಇದು ಕಮಲಿ ಮಾಡಿದ್ದು ಹೌದಲ್ಲ?" ಎಂದು ಕೇಳಿಯೇ ತಿನ್ನುತ್ತಿದ್ದ. ವೈನಿ ಬಾಗಿಲ ಹತ್ತಿರ ಕೂತು ಅದನ್ನು ಕೇಳುತ್ತಿದ್ದರು. ಮುಂದೊಂದು ದಿನ ಎದೆನೋವಿನಿಂದ ಅವನು ಹೋದ. ವೈನಿ ಮಗಳ ಮನೆಗೆ ಹೋದರು, ನಾನು ಹಾನಗಲ್ಲಿಗೆ ಬಂದು ಎರಡು ಕೋಣೆ ಬಾಡಿಗೆಗೆ ಹಿಡಿದೆ. ಒಮ್ಮೆ ಹಂಸಭಾವಿಗೆ ಹೋದಾಗ ವೈನಿ ನನಗೆ ಚಹಾ ಮಾಡಲೆಂದು ಎದ್ದರು. "ಅವ್ವಾ, ನೀ ಒಲಿ ಹತ್ರ ಹೋಗಬ್ಯಾಡ. ಒಮ್ಮೆ ಮಾಡಿದ್ದ ಸಾಕು" ಎಂದಳು ಸುನಂದಾ, ಬೀಗರ ಎದುರಿಗೇ. ವೈನಿ ಮತ್ತೆ ಕೂತರು. ನಾನು ಸುನಂದಾ ಮಾಡಿದ ಚಹಾ ಕುಡಿದು ಬಸ್ಸು ಹತ್ತಿದೆ.

ಈಗ ನನಗೂ ಸೂಜಿ ಬಂದಿದೆ. ಹೋದ ವಾರ ಸೂಜಿ ಹಾಕಿಕೊಂಡ ಮೇಲೆ ಗ್ಯಾಸು ಮುಗಿಯಿತು. ಉಪ್ಪಿಟ್ಟು ಅರ್ಧಕ್ಕೇ ನಿಂತಿತು. ಸಿಲಿಂಡರಿಗೆ ಫೋನು ಮಾಡುತ್ತ, ಕಾಯುತ್ತ ಕೂತೆ. ಕೈ ನಡುಗಿತು, ಬೆನ್ನು ಬೆವರಿತು. ಆಗ ನನ್ನೊಳಗೆ ಮೊದಲು ಬಂದ ಮಾತು—ಸುಮ್ಮನೆ ಕೂಡು, ನಾಟಕ ಬೇಡ. ಸಕ್ಕರೆ ಡಬ್ಬಿಯ ಮುಚ್ಚಳ ಬೆರಳಿಗೆ ತೆರೆಯಲೊಲ್ಲದು. ಕೂಗಿದರೆ ಕೇಳುವವರಿಲ್ಲ. ಹಲ್ಲಿನಿಂದ ಎಳೆದು ತೆರೆದು, ನೆಲದ ಮೇಲೆ ಕೂತು ಮುಕ್ಕಿದೆ. ಅಣ್ಣನಿಗೆ ಕೇಳುವವರು ಇದ್ದರು. ಎರಡು ತುತ್ತು ಕೇಳಿದ, ಅಷ್ಟೇ—

ವೈನಿಯ ಮುಂದೆ ಒಪ್ಪಿಕೊಳ್ಳುವುದು ಸುಲಭ. ಅವರಿಗೆ ಎಲ್ಲ ಗೊತ್ತು. ಗೊತ್ತಾಗಬೇಕಾದದ್ದು ಸುನಂದಾಗೆ.

ಇಂದು ಮುಂಜಾನೆ ಮೊದಲು ನಾಷ್ಟಾ ಮಾಡಿದೆ. ಸುಸಲಾ, ಅಳತೆಯಷ್ಟೇ, ಪಕ್ಕದಲ್ಲಿ ಮೊಳಕೆ ಹೆಸರು. ತಾಟು ಮುಚ್ಚಿ ಎದುರಿಗೆ ಇಟ್ಟುಕೊಂಡೇ ಸೂಜಿ ಹಾಕಿಕೊಂಡೆ. ಉಳಿದ ಅರ್ಧ ಗಂಟೆಯಲ್ಲಿ ಫೋನು ಹಚ್ಚಿದೆ.

"ಅತ್ತಿ, ಆರಾಮದೀರಿ? ನಾಷ್ಟಾ ಆತೇನ್ರಿ?" ಎಂದಳು ಸುನಂದಾ.

ಹೇಳಿದೆ. ಸೂಜಿ, ತಾಟು, ಮೇಲಿನ ಹಲಗೆ, ಡಾಕ್ಟರ ಮುಂದೆ ಆಡಿದ ಸುಳ್ಳು—ಕ್ರಮವಾಗಿ, ಏನನ್ನೂ ಬಿಡದೆ. ಆ ಕಡೆ ಕುಕ್ಕರಿನ ಸೀಟಿ ಕೇಳುತ್ತಿತ್ತು.

"ಅಪ್ಪ ಇದ್ದಾಗ ಯಾಕ ಹೇಳಲಿಲ್ರಿ?"

"ಹೇಳಲಿಲ್ಲ ಸುನಂದಾ" ಎಂದೆ.

"ಅವ್ವಾ..." ಎಂದು ಅವಳು ಒಳಗೆ ಕರೆದದ್ದು ಕೇಳಿತು. ಆಮೇಲೆ ಫೋನು ನಿಂತಿತು. ಮತ್ತೆ ಹಚ್ಚಲಿಲ್ಲ. ಅಲ್ಲಿ ಆಡುವ ಮಾತಿನಲ್ಲಿ ನನಗೆ ಪಾಲಿಲ್ಲ.

ಹೊತ್ತಾಗಿತ್ತು. ತಾಟಿನ ಮುಚ್ಚಳ ತೆಗೆದು ಸುಸಲಾ ತಿಂದೆ. ಚುರುಮುರಿ ತಣ್ಣಗಾಗಿ ಮುದ್ದೆಯಾಗಿತ್ತು.

ಸಂಜೆಯವರೆಗೆ ಯಾರೂ ಫೋನು ಮಾಡಲಿಲ್ಲ. ರಾತ್ರಿಯ ಊಟವನ್ನೂ ಮೊದಲೇ ಎದುರಿಗಿಟ್ಟುಕೊಂಡು ಸೂಜಿ ಹಾಕಿಕೊಂಡೆ, ಅರ್ಧ ಗಂಟೆ ಕೂತೆ, ಉಂಡೆ. ಸಕ್ಕರೆ ಡಬ್ಬಿಯನ್ನು ಮೇಲಿನಿಂದ ಕೆಳಗಿಳಿಸಿ, ಮುಚ್ಚಳ ಸಡಿಲ ಮಾಡಿ, ಕೈಗೆ ಸಿಗುವಲ್ಲಿ ಇಟ್ಟೆ. ತಾಟು ತೊಳೆದು ಬೋರಲು ಹಾಕಿದೆ.