ಹ್ಯಾಂಡಲ್ ದೇವರ ಮುಂದಿತ್ತು

ಯಂತ್ರಕ್ಕೂ ಮನಸ್ಸಿದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ಗೇಲಿ ಮಾಡಿ ಕಳಿಸುತ್ತಿದ್ದೆ. ಈಗಲೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನೀವೇ ಯೋಚಿಸಿ.

ಅರವತ್ತರ ದಶಕದಲ್ಲಿ ಕೊಳ್ಳೇಗಾಲದಲ್ಲಿ ನನ್ನದೊಂದು ಹಳೆಯ ವಿಲಾಯಿತಿ ಕಾರಿತ್ತು. ಮುಂದುಗಡೆ ಕಬ್ಬಿಣದ ಹ್ಯಾಂಡಲ್ ತೂರಿಸಿ, ರಟ್ಟೆ ಬಿದ್ದುಹೋಗುವಂತೆ ತಿರುಗಿಸಿದರಷ್ಟೇ ಸ್ಟಾರ್ಟ್ ಆಗುತ್ತಿತ್ತು. ಊರವರು ಅದನ್ನು ಕೋಳಿಗೂಡು ಎನ್ನುತ್ತಿದ್ದರು. ಅನ್ನಲಿ, ಅವರ ಗಂಟೇನು ಹೋಗುತ್ತದೆ? ಹೆಂಡತಿಯನ್ನು ಮನೆ ತುಂಬಿಸಿಕೊಂಡದ್ದು ಅದೇ ಕಾರಿನಲ್ಲಿ. ನನ್ನ ಸಿಟ್ಟು ಸಾಮಾನ್ಯದ್ದಲ್ಲ. ಆದರೆ ಅದರೊಳಗೆ ಕೂತು ಬಾಗಿಲು ಎಳೆದುಕೊಂಡರೆ ಅದೂ ಇಳಿಯುತ್ತಿತ್ತು. ಮಾರುವ ಮಾತೆತ್ತಿದವರಿಗೆ ನಾನು ಕಾಫಿ ಕೊಡುತ್ತಿರಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಹೆಂಡತಿಯ ತವರು ಸತ್ತೇಗಾಲಕ್ಕೆ ಹೋಗಿದ್ದೆವು. ಕಾರು ಜಗುಲಿಯ ಮುಂದೆ ಮಾವಿನ ಸೊಪ್ಪು ಕಟ್ಟಿಸಿಕೊಂಡು ನಿಂತಿತ್ತು. ಹ್ಯಾಂಡಲ್ ಮಾತ್ರ ಒಳಗೆ, ಕುಡುಗೋಲು ಗುದ್ದಲಿಗಳ ಜೊತೆ ದೇವರ ಮುಂದೆ. ಪೂಜೆಗಿಟ್ಟ ಕಬ್ಬಿಣವನ್ನು ಮರುದಿನದವರೆಗೆ ಎತ್ತುವಂತಿಲ್ಲ ಎಂಬುದು ಅವರ ಮನೆತನದ ಕಟ್ಟುಪಾಡು.

ಊಟ ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಕೂಗು ಕೇಳಿಸಿತು. ನನ್ನ ಬಾಮೈದ ಮಾದೇಶನಿಗೂ ಅವನ ದೊಡ್ಡಪ್ಪನ ಮಗ ನಿಂಗರಾಜನಿಗೂ ಗದ್ದೆಯ ನೀರಿನ ಜಗಳ ಹಳೆಯದು. ಅಂದು ನಿಂಗರಾಜ ಪೂಜೆಗಿಟ್ಟಿದ್ದ ಮಚ್ಚನ್ನೇ ಎತ್ತಿಕೊಂಡು ಬಂದಿದ್ದ. ಅಲಗಿನ ಮೇಲೆ ಕುಂಕುಮ ಹಾಗೇ ಇತ್ತು.

“ಈಚೆ ಬಾರ್ಲಾ ಮಾದೇಸ! ಇವತ್ತು ನಿನ್ ರಕ್ತದಲ್ಲೇ ಗದ್ದೆ ನೆನೀಲಿ!”

ಮಾದೇಶ ಬರಿಗೈಯಲ್ಲೇ ಇಳಿದ. ಮೊದಲ ಏಟಿಗೆ ಭುಜ ಸೀಳಿತು. ಮುಂದಿನ ಏಟಿಗೆ ಅಡ್ಡ ಹಿಡಿದ ಅಂಗೈ ಹರಿಯಿತು. ತಡವರಿಸಿ ಹಿಂದೆ ಸರಿದು ಕಾರಿನ ಬಾಗಿಲ ಪಕ್ಕ ಕುಸಿದ. ನಿಂಗರಾಜ ಕಾರಿನ ಮೂತಿಗೂ ಜಗುಲಿಗೂ ನಡುವೆ ನಿಂತು, ಜಾರುತ್ತಿದ್ದ ಮಚ್ಚಿನ ಹಿಡಿಯನ್ನು ಪಂಚೆಗೆ ಒರೆಸಿಕೊಂಡ.

ನಾನು ಹ್ಯಾಂಡಲ್ ತರಲು ಒಳಗೆ ಓಡಿದೆ. ಅವನ ತಲೆ ಒಡೆಯುವುದೆಂದೇ ಹೊರಟಿದ್ದೆ. ಅತ್ತೆ ದೇವರ ಕೋಣೆಯ ಹೊಸಿಲಿಗೆ ಅಡ್ಡ ಬಿದ್ದು ನನ್ನ ಕಾಲು ಹಿಡಿದರು.

“ಮುಟ್ಬ್ಯಾಡಿ ಅಳಿಯಂದ್ರೇ! ಎತ್ತುದ್ರೆ ಮನೆ ಉಳಿಯಾಕಿಲ್ಲ!”

“ಅಲ್ಲಿ ನಿಮ್ಮ ಮಗನೇ ಸಾಯ್ತಾ ಇದಾನೆ!” ಎಂದು ಅರಚಿದೆ. ಅವರು ಅಳುತ್ತಲೇ ಇದ್ದರು, ಹಿಡಿತ ಮಾತ್ರ ಬಿಡಲಿಲ್ಲ.

ಆಗ ಹೊರಗೆ ಎಂಜಿನ್ ಗುಡುಗಿತು. ಆ ಸದ್ದಿನ ಗುರುತು ನನಗೆ ತಪ್ಪುವುದಿಲ್ಲ. ಹಿಂದೆಯೇ ಕಲ್ಲಿಗೆ ಕಬ್ಬಿಣ ಅಪ್ಪಳಿಸಿದ್ದು, ಒಂದು ಚೀತ್ಕಾರ.

ಓಡಿ ಬಂದು ನೋಡಿದರೆ ಕಾರು ಮುಂದಕ್ಕೆ ನುಗ್ಗಿ ನಿಂಗರಾಜನನ್ನು ಜಗುಲಿಯ ಕಲ್ಲಿಗೆ ಒತ್ತಿ ನಿಂತಿತ್ತು. ಅವನ ಮೊಣಕಾಲು ಹಿಂದುಮುಂದಾಗಿತ್ತು. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ. ಎಂಜಿನ್ ಇನ್ನೂ ಓಡುತ್ತಿತ್ತು.

ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಒಟ್ಟಿಗೇ ಹಾಕಿಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಓಡಿಸಿದೆ. ಬಾಗಿಲಲ್ಲಿ ಎಂಜಿನ್ ತಾನಾಗಿ ನಿಂತಿತು. ಇಬ್ಬರೂ ಬದುಕಿದರು. ಮರುದಿನ ಸತ್ತೇಗಾಲದಿಂದ ಹ್ಯಾಂಡಲ್ ತರುವವರೆಗೆ ಕಾರು ಅಲ್ಲಿಂದ ಮಿಸುಕಲಿಲ್ಲ. ದೇವರ ಮುಂದೆ ಹ್ಯಾಂಡಲ್ ಮೇಲಿಟ್ಟಿದ್ದ ಹೂ ಕೂಡ ಜರುಗಿರಲಿಲ್ಲವಂತೆ.

ನಮ್ಮ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿದ. “ಆಂಡಲ್ ಇಲ್ದೆ ಇದು ಉಸ್ರೂ ಬಿಡಾಕಿಲ್ಲ ಸಾ. ನೀವೇ ತಿರುಗ್ಸಿ ಎಲ್ಲೋ ಮರ್ತಿದ್ದೀರಿ,” ಎಂದ. ನಾನೇನು ಮರೆತೆ? ಇಷ್ಟು ವರ್ಷ ಯೋಚಿಸಿದರೂ ಹೊಳೆದಿಲ್ಲ.

ಕಾರು ಈಗಲೂ ನನ್ನಲ್ಲೇ ಇದೆ. ಪ್ರತಿ ಆಯುಧಪೂಜೆಗೆ ನಿಂಗರಾಜ ಕುಂಟುತ್ತಾ ಬಂದು ಅದರ ಮುಂದೆ ಕುಂಬಳಕಾಯಿ ಒಡೆಯುತ್ತಾನೆ, ಪಕ್ಕಕ್ಕೆ ನಿಂತುಕೊಂಡು. ನಾನು ಅದನ್ನು ಮೊದಲಿನಷ್ಟೇ ಪ್ರೀತಿಸುತ್ತೇನೆ. ಪ್ರತಿ ರಾತ್ರಿ ಹ್ಯಾಂಡಲನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಆಮೇಲೂ ಹೊರಗೆ ಹೋಗಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟೇ ಮಲಗುತ್ತೇನೆ.