ಹರಿಹರದ ವಾಲ್ವ್ ಪೆಟ್ಟಿಗೆ

ಗೆಳೆಯರೇ, ಇವತ್ತು ಹರಿಹರದಲ್ಲಿ ನನ್ನ ಎದೆ ಎರಡು ಸಲ ಧಸಕ್ಕೆಂದಿತು.

ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಖಾಸಿಂ ಸಾಹೇಬರು, ಕ್ಯಾಸೆಟ್ ಕಾಲ ಬಂತೆಂದು, ತಮ್ಮ ಹಳೆಯ ವಾಲ್ವ್ ಪ್ರೀ-ಆಂಪ್ಲಿಫೈಯರ್ ಮಾರಲು ಹೊರಟಿದ್ದರು. ರೆಕಾರ್ಡಿನ ಮುಳ್ಳು ಎತ್ತುವ ಸಣ್ಣ ದನಿಗೆ ಬಲ ಕೊಡುವ ಪೆಟ್ಟಿಗೆ ಅದು. ದಾವಣಗೆರೆಯಲ್ಲೆಲ್ಲ ಹುಡುಕಿ ಸೋತಿದ್ದೆ. ಬೇರೆ ಯಾರಾದರೂ ಒಯ್ದುಬಿಟ್ಟರೆ ಎಂಬ ಭಯಕ್ಕೆ, ನನ್ನದೊಂದು ರೆಕಾರ್ಡ್ ಹಿಡಿದು ಬೆಳಿಗ್ಗೆಯೇ ಅವರ ಮನೆಗೆ ಓಡಿದೆ.

ಸಾಹೇಬರು ಸ್ವಿಚ್ ಹಾಕಿ ರೆಕಾರ್ಡಿನ ಮೇಲೆ ಮುಳ್ಳು ಇಟ್ಟರು. ದನಿಯೇ ಇಲ್ಲ.

“ಸುಟ್ಟೋಗೈತೇನ್ರಿ ಸಾಬ್ರೇ?”

“ವಾಲ್ವ್ ಬಿಸಿ ಆಗ್ಬೇಕು, ತಡೀರಿ.”

ವಾಲ್ವಿನ ಗಾಜಿನ ಬುರುಡೆಯೊಳಗೆ ನಿಧಾನವಾಗಿ ಕೆಂಪು ಮೂಡಿತು. ಆಮೇಲೆ ಹಾಡು ಬಂತು ನೋಡಿ, ಹಾಡುವಾಕೆ ಪಕ್ಕದಲ್ಲೇ ಕೂತು ಉಸಿರೆಳೆದಂತೆ! ಬೇಗ ಕಟ್ಟಿಕೊಡಿ ಅನ್ನುವಷ್ಟರಲ್ಲಿ ಸಾಹೇಬರ ಹೆಂಡತಿ ಒಳಗಿನಿಂದ ಬಂದರು.

“ಇದು ಕೆಟ್ಟೋಗೈತೆ ಅಂತ ಹೇಳಿದ್ರಲ್ರೀ ನನಗ?”

ಸಾಹೇಬರು ಗೋಡೆ ನೋಡಿದರು. “ದಿನಾ ಹಾಡು ಹಾಕು ಅಂತ ಜೀವ ತಿಂತಿದ್ದೆಲ್ಲ, ಅದಕ್ಕ...”

“ಮಾರೋದು ಬ್ಯಾಡ.”

“ಅಮ್ಮಾ, ಇದಕ್ಕಂತಾನೇ ದಾವಣಗೆರೆಯಿಂದ ಬಂದೀನಿ,” ಅಂದೆ.

“ಹಂಗಾದ್ರ ಕೂಡ್ರಿ, ಚಾ ಕುಡೀರಿ. ಹಾಡಿನ ತಟ್ಟೆ ತಿರುವಿ ಹಾಕ್ರಿ, ಆ ಕಡೀದೂ ಕೇಳಾಣ.”

ತಿರುವಿ ಹಾಕಿದೆ. ಹಾಡು ಮುಗಿಯುವ ತನಕ ಆಕೆ ಕಣ್ಣು ತೆರೆಯಲಿಲ್ಲ. ಪೆಟ್ಟಿಗೆ ಕೊಡಿ ಎಂದು ಮತ್ತೆ ಕೇಳುವ ಧೈರ್ಯ ನನಗೂ ಬರಲಿಲ್ಲ. ನನ್ನ ರೆಕಾರ್ಡೊಂದನ್ನೇ ಹಿಡಿದು ಬಸ್ಸು ಹತ್ತಿದೆ.

ಹಳೆಯ ಸಾಮಾನನ್ನು ಪರೀಕ್ಷಿಸದೆ ಕೊಂಡು ಕೆಟ್ಟವರು ಬೇಕಾದಷ್ಟಿದ್ದಾರೆ. ನಾನು ಪರೀಕ್ಷಿಸಿ ಕೆಟ್ಟೆ.