ಖಾಲಿ ಚೀಲದ ಉಡುಗೊರೆ

ಗೊಬ್ಬರ ಮಾರುವ ಕಂಪನಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿದರೆ ಅದರ ಪೆಟ್ಟು ಮೊದಲು ಬೀಳುವುದು ನಮ್ಮಂಥ ಸೇಲ್ಸ್‌ನವರ ಮೇಲೆ. ಆ ದೀಪಾವಳಿಗೆ ಅಂಗಡಿಕಾರರಿಗೆ ಸ್ಟೀಲ್ ಡಬ್ಬಿ, ಗೋಡೆ ಗಡಿಯಾರ ಬೇಡ, ಹಳೆಯ ಗೊಬ್ಬರದ ಚೀಲ ತೊಳೆದು ಹೊಲಿಸಿದ ಕೈಚೀಲ ಕೊಡಿ, ಕಂಪನಿಯ ಹೆಸರು ಎದ್ದು ಕಾಣಲಿ ಎಂದು ಹೆಡ್ಡಾಫೀಸಿನಿಂದ ಫ್ಯಾಕ್ಸ್ ಬಂತು. ಧಾರೇಶ್ವರದ ಟೇಲರ್ ನಾಗವೇಣಕ್ಕ ಚಂದವಾಗಿಯೇ ಹೊಲಿದುಕೊಟ್ಟರು.

ಮೊದಲು ಹೋದದ್ದು ಸಂತೆಗುಳಿಯ ಹೆಗಡೆಯವರ ಅಂಗಡಿಗೆ. ಎದುರಾಳಿ ಕಂಪನಿಯವರು ಆಗಲೇ ಕುಕ್ಕರ್ ಕೊಟ್ಟು ಹೋಗಿದ್ದರು. ಹೆಗಡೆಯವರು ನನ್ನ ಚೀಲಕ್ಕೆ ಕೈ ಹಾಕಿ ತಳದವರೆಗೂ ತಡಕಿದರು.

"ಒಳಗೆ ಎಂತದೋ ಹಾಕೂದು ಮರ್ತು ಬಂದ್ರಿ ಕಾಣ್ತದೆ."

"ಇಲ್ಲ ಹೆಗಡೇರೆ, ಚೀಲವೇ ಉಡುಗೊರೆ," ಅಂದೆ.

ಅವರು ಗೋದಾಮಿನ ಕಡೆ ನೋಡಿದರು. ಅಲ್ಲಿ ಅದೇ ಹೆಸರಿನ ಖಾಲಿ ಚೀಲಗಳ ರಾಶಿಯೇ ಇತ್ತು. "ಆತು, ಇರ್ಲಿ," ಎಂದರು, ನನ್ನ ಮೇಲೆ ಕನಿಕರ ಹುಟ್ಟಿದವರಂತೆ.

ಮುಂದಿನ ವಾರ ನಾನಿರುವ ಕುಮಟೆಗೆ ಬಂದಾಗ ಹೆಗಡೆಯವರು ಚೀಲ ವಾಪಸು ತಂದರು. "ನಿಮ್ಮ ಚೀಲ ನಮ್ಮಲ್ಲೇ ಉಳ್ದಿತ್ತು." ಬೇರೆಯವರ ಚೀಲವನ್ನು ಖಾಲಿ ಕೊಡಬಾರದಲ್ಲ, ಒಳಗೆ ಹುಳಿಗೆ ಹಾಕುವ ಎರಡು ಮೊಗೆಕಾಯಿ, ಒಂದು ಕಟ್ಟು ಬಸಳೆ ಸೊಪ್ಪು. ಉಳಿದ ಅಂಗಡಿಕಾರರೂ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು.

ಉಡುಗೊರೆಗೆ ಪ್ರತಿಕ್ರಿಯೆ ಹೇಗಿದೆ ಎಂದು ಹೆಡ್ಡಾಫೀಸು ಕೇಳಿತು. ಫಾರಮ್ಮಿನಲ್ಲಿ ಬಸಳೆಗೆ ಜಾಗವಿರಲಿಲ್ಲ, "ಅತ್ಯುತ್ತಮ" ಎಂದು ಬರೆದೆ. ಮರುವರ್ಷ ಇಮ್ಮಡಿ ಚೀಲ ಹೊಲಿಸಲು ಆದೇಶ ಬಂತು. ನಾನು ಬೇಡ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಮನೆಯಲ್ಲಿ ಹೆಂಡತಿ ಮೊಗೆಕಾಯಿ ಯಾವಾಗ ಬರುತ್ತದೆಂದು ಕೇಳತೊಡಗಿದ್ದಳು.